ಕಾಸಿದ್ದವರಿಗೆ ಸಂಶಯ, ಇಲ್ಲದವರಿಗೆ ಸರದಿ

ಶಿವಮೊಗ್ಗದಲ್ಲಿ ಈಗ ಬಸುರಿಯನ್ನು ಯಾರೂ 'ಎಷ್ಟು ತಿಂಗಳಮ್ಮ?' ಎಂದು ಕೇಳುವುದಿಲ್ಲ. 'ಎಲ್ಲಿ ತೋರಿಸ್ತಿದೀರಿ?' ಎನ್ನುತ್ತಾರೆ. 'ಮೆಗ್ಗಾನ್ ಸರಕಾರಿ ಆಸ್ಪತ್ರೆಯಲ್ಲಿ' ಎಂದರೆ ಎದುರಿನವರ ಮುಖ ಸಣ್ಣದಾಗಿ, 'ಪರವಾಗಿಲ್ಲ ಬಿಡಿ, ಅಲ್ಲೂ ಒಳ್ಳೆ ಡಾಕ್ಟ್ರಿದಾರಂತೆ' ಎಂಬ ಸಾಂತ್ವನ ಬರುತ್ತದೆ. ದುರ್ಗಿಗುಡಿ ಕಡೆಯ ಯಾವುದೋ ನರ್ಸಿಂಗ್ ಹೋಮಿನ ಹೆಸರು ಹೇಳಿದರೆ ಮುಂದಿನ ಪ್ರಶ್ನೆ: 'ಸ್ಕ್ಯಾನಿಂಗಿಗೆ ಎಷ್ಟು ತಗೊಂಡ್ರು?' ಬಿಲ್ಲು ದೊಡ್ಡದಾದಷ್ಟೂ ಮಗು ಗಟ್ಟಿ ಎಂಬುದು ನಮ್ಮೂರಿನ ಹೊಸ ಪ್ರಸೂತಿಶಾಸ್ತ್ರ.

ಭದ್ರಾವತಿಯವರಿಗೆ ಇನ್ನೂ ಎರಡು ಮೆಟ್ಟಿಲು ಹೆಚ್ಚು. ಅಲ್ಲಿನ ತಾಲ್ಲೂಕು ಆಸ್ಪತ್ರೆಗೆ ಹೋದವರು ಬಡವರು. ಅಲ್ಲಿನದೇ ಖಾಸಗಿ ಕ್ಲಿನಿಕ್ಕಿಗೆ ಹೋದವರು ಅನುಕೂಲಸ್ಥರು. ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದವರು ತಿಳಿದವರು. ಶಿವಮೊಗ್ಗದಲ್ಲಿ ಮಾಡಿಸಿದ್ದನ್ನೇ ಬೆಂಗಳೂರಿನಲ್ಲಿ ಇನ್ನೊಮ್ಮೆ ಮಾಡಿಸಿದವರು ಮಾತ್ರ ಮಗುವಿನ ಮೇಲೆ ನಿಜವಾದ ಪ್ರೀತಿಯುಳ್ಳವರು.

ಸರಕಾರದ ಕಡೆ ಏನು ಸಿಗುತ್ತದೆ ನೋಡಿ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬಂದು ಹೆಸರು ಬರೆದುಕೊಂಡು ತಾಯಿ ಕಾರ್ಡ್ ಕೊಡಿಸುತ್ತಾರೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಕು ವೈದ್ಯರು ಪುಕ್ಕಟೆ ನೋಡಬೇಕು. ಹಿಮೋಗ್ಲೋಬಿನ್, ಬಿಪಿ, ಸಕ್ಕರೆ, ಮೂತ್ರ, ಎಚ್‌ಐವಿ, ಸಿಫಿಲಿಸ್ ಎಲ್ಲವೂ ಪಟ್ಟಿಯಲ್ಲಿವೆ. ಜೊತೆಗೆ ಕಬ್ಬಿಣದ ಮಾತ್ರೆ. ಬಾಣಂತಿಯ ಜೀವಕ್ಕೆ ಅಪಾಯ ತರುವುದರಲ್ಲಿ ಈ ಪಟ್ಟಿಯಲ್ಲಿರುವ ಸಾಮಾನ್ಯ ಸಂಗತಿಗಳೂ ಇವೆ. ಆದರೆ ದುಡ್ಡು ಕೊಡದ ಪರೀಕ್ಷೆಯನ್ನು ನಂಬುವುದು ಹೇಗೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ರಕ್ತಹೀನತೆ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯಲ್ಲೂ ಕಬ್ಬಿಣದ ಮಾತ್ರೆ 'ಬಾಯಿ ಕಹಿಯಾಗುತ್ತೆ' ಎಂದು ಕಿಟಕಿಯಾಚೆ ಹಾರುತ್ತದೆ. ಹಿಮೋಗ್ಲೋಬಿನ್ 8 ಬಂದರೆ ಫ್ಯಾಮಿಲಿ ಗ್ರೂಪಿನಲ್ಲಿ ಯಾರಿಗೂ ಸುದ್ದಿಯಿಲ್ಲ. ಅದಕ್ಕೆ ಬಣ್ಣದ ಫೈಲೂ ಇಲ್ಲ, ಇಂಗ್ಲಿಷ್ ಹೆಸರಿನ ಗತ್ತೂ ಇಲ್ಲ.

ಗತ್ತು ಇರುವುದು ಖಾಸಗಿ ಪ್ಯಾಕೇಜಿನಲ್ಲಿ. 11ನೇ ವಾರದಿಂದ 14ನೇ ವಾರ ತುಂಬುವುದರೊಳಗೆ ಎನ್‌ಟಿ ಸ್ಕ್ಯಾನ್: ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಎಷ್ಟು ದಪ್ಪ ಎಂದು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಅದರ ಜೊತೆ ತಾಯಿಯ ರಕ್ತದಲ್ಲಿ ಡಬಲ್ ಮಾರ್ಕರ್ ಎಂಬ ಪರೀಕ್ಷೆ. ಇವೆರಡನ್ನೂ ತಾಯಿಯ ವಯಸ್ಸಿನ ಜೊತೆ ಕಂಪ್ಯೂಟರಿಗೆ ಹಾಕಿ, ಡೌನ್ ಸಿಂಡ್ರೋಮ್‌ನಂಥ ಕ್ರೋಮೋಸೋಮ್ ವ್ಯತ್ಯಾಸದ ಸಾಧ್ಯತೆ ಎಷ್ಟೆಂದು ಲೆಕ್ಕ ತೆಗೆಯುತ್ತಾರೆ. 25ರ ವಯಸ್ಸಿನಲ್ಲಿ ಡೌನ್ ಸಿಂಡ್ರೋಮ್ ಸಾಧ್ಯತೆ ಸುಮಾರು 1,250ಕ್ಕೆ 1, 35ರಲ್ಲಿ ಸುಮಾರು 350ಕ್ಕೆ 1, 40ರಲ್ಲಿ ಸುಮಾರು 100ಕ್ಕೆ 1. ಒಳ್ಳೆಯ ಪರೀಕ್ಷೆಯೇ, ಅನುಮಾನವಿಲ್ಲ. ಆದರೆ ಲೆಕ್ಕಕ್ಕೆ ಕೊಡುವ ಅಂಕಿಗಳು ಸರಿಯಿರಬೇಕು. ರಕ್ತ ತೆಗೆಯುವ ಹುಡುಗ ಫಾರಂ ತುಂಬುತ್ತಾ 'ಅಕ್ಕ, ತೂಕ?' ಎನ್ನುತ್ತಾನೆ. ಮದುವೆಯ ಬಯೋಡೇಟಾದಲ್ಲಿ ಬರೆಸಿದ್ದ ತೂಕವನ್ನೇ ಅಕ್ಕ ಹೇಳುತ್ತಾಳೆ. ತಕ್ಕಡಿ ಪಕ್ಕದಲ್ಲೇ ಇದೆ, ಅದರ ಮೇಲೆ ರಿಪೋರ್ಟ್ ಕವರುಗಳ ರಾಶಿ. ತೂಕ ತಪ್ಪಿದರೆ, ವಾರ ತಪ್ಪಿದರೆ, ಲೆಕ್ಕವೂ ತಪ್ಪುತ್ತದೆ. ಸಾವಿರಾರು ರೂಪಾಯಿಯ ಪರೀಕ್ಷೆ ಕೆಡಿಸಲು ಒಂದು ಸುಳ್ಳು ತೂಕ ಸಾಕು.

ಆಮೇಲೆ ರಿಪೋರ್ಟ್ ಬರುತ್ತದೆ. ಭದ್ರಾವತಿಯ ಒಂದು ಮನೆಗೆ ಬಂದದ್ದು ಹೀಗೆ: 'ಹೈ ರಿಸ್ಕ್, 1:180'. ಕೆಂಪು ಅಕ್ಷರ. ಕೌಂಟರಿನಾಕೆ ಕವರು ಕೊಟ್ಟು 'ಡಾಕ್ಟ್ರು ಗುರುವಾರ ಸಿಗ್ತಾರೆ' ಎಂದಳು. ಅಂದು ಸೋಮವಾರ. ಅತ್ತೆ ಕನ್ನಡಕ ಹಾಕಿಕೊಂಡು 'ನೂರಾ ಎಂಬತ್ತು ಅಂದ್ರೆ ಸಕ್ಕರೆ ಜಾಸ್ತಿನೇ ಆಯ್ತು, ಇವತ್ತಿಂದ ಪಾಯಸ ಬಂದ್' ಎಂದು ಆಜ್ಞೆ ಹೊರಡಿಸಿದರು. ಬೆಂಗಳೂರಿನ ಭಾವ ಫೋನಿನಲ್ಲೇ ಇಂಟರ್‌ನೆಟ್ ನೋಡಿ ಶೋಕಸಭೆ ನಡೆಸಿದರು. ಬಸುರಿ ಸೊಸೆ ಮಾತ್ರ ಗುರುವಾರದವರೆಗೆ ಹೊಟ್ಟೆ ಮುಟ್ಟಿಕೊಳ್ಳಲಿಲ್ಲ.

ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಮಾವನವರು ಮಾತ್ರ ಕಾಗದವನ್ನು ಎರಡು ಸಲ ಓದಿ ಹೇಳಿದರು: 'ನೋಡಮ್ಮ, ಶಿಫ್ಟ್ ಬಿಟ್ಟಾಗ ಗೇಟಲ್ಲಿ ಸೆಕ್ಯುರಿಟಿಯವನು ನನ್ನ ಟಿಫಿನ್ ಬ್ಯಾಗ್ ತೆಗಿ ಅಂತಿದ್ದ. ತೆಗಿ ಅಂದ ಮಾತ್ರಕ್ಕೆ ನಾನು ಕಳ್ಳ ಅಂತಲ್ಲ. ಇದೂ ಗೇಟ್ ಚೆಕ್ಕಿಂಗು. ಇಂಥ 180 ಜನರಲ್ಲಿ 179 ಜನಕ್ಕೆ ಏನೂ ಇರೋದಿಲ್ಲ.' ಶಿವಮೊಗ್ಗದಲ್ಲಿ ಕನ್ಸಲ್ಟೇಶನ್ ಫೀಸು ಕೊಟ್ಟರೂ ಸಿಗದಿದ್ದ ವಿವರಣೆ ಭದ್ರಾವತಿಯ ಪೇಪರ್ ಟೌನಿನ ಜಗಲಿಯಲ್ಲಿ ಪುಕ್ಕಟೆ ಸಿಕ್ಕಿತು. ಪುಕ್ಕಟೆ ಸಿಕ್ಕಿದ್ದರಿಂದ ಮನೆಯಲ್ಲಿ ಯಾರೂ ನಂಬಲಿಲ್ಲ.

ಮಾವ ಹೇಳಿದ್ದೇ ವೈದ್ಯಶಾಸ್ತ್ರ. ಸ್ಕ್ರೀನಿಂಗ್ ಎಂಬುದು ಅಂದಾಜು, ರೋಗನಿರ್ಣಯವಲ್ಲ. ಎನ್‌ಟಿ, ಡಬಲ್ ಮಾರ್ಕರ್ ಎರಡೂ ಸೇರಿ 100 ಡೌನ್ ಸಿಂಡ್ರೋಮ್ ಶಿಶುಗಳಲ್ಲಿ 85–90ನ್ನು ಹಿಡಿಯಬಹುದು. ಜೊತೆಗೆ ಏನೂ ಇಲ್ಲದ 100 ಗರ್ಭಿಣಿಯರಲ್ಲಿ ಸುಮಾರು 5 ಮಂದಿಯನ್ನು ಸುಮ್ಮನೆ ಹೆದರಿಸುತ್ತದೆ. ಹೆದರಿದವರಿಗೆ ಮುಂದಿನ ಅಂಗಡಿ ಎನ್‌ಐಪಿಟಿ. ಮಗುವಿನ ಡಿಎನ್‌ಎ ಚೂರುಗಳು ತಾಯಿಯ ರಕ್ತದಲ್ಲೇ ತೇಲುತ್ತಿರುತ್ತವೆ ಎಂದು 1997ರಲ್ಲಿ ಡೆನಿಸ್ ಲೋ ಮತ್ತು ಸಂಗಡಿಗರು ತೋರಿಸಿದ ಮೇಲೆ ಹುಟ್ಟಿದ ಪರೀಕ್ಷೆ ಇದು. ಡೌನ್ ಸಿಂಡ್ರೋಮ್ ವಿಷಯದಲ್ಲಿ ಬಹಳ ನಿಖರ, ಬೆಲೆಯೂ ಅಷ್ಟೇ ಭಾರ. ಆದರೆ ಇದೂ ಸ್ಕ್ರೀನಿಂಗೇ. ಖಚಿತ ಉತ್ತರ ಬೇಕಾದರೆ ಗರ್ಭದ ನೀರನ್ನೋ ಮಾಸಿನ ಚೂರನ್ನೋ ತೆಗೆದು ಪರೀಕ್ಷಿಸಬೇಕು, ಅದರಲ್ಲಿ ಗರ್ಭಪಾತದ ಸಣ್ಣ ಅಪಾಯವಿದೆ. ಇಷ್ಟನ್ನು ಕನ್ನಡದಲ್ಲಿ ಹೇಳಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಮಾತ್ರ ಯಾವ ಪ್ಯಾಕೇಜಿನಲ್ಲೂ ಇಲ್ಲ. ಖಾಸಗಿ ಆಸ್ಪತ್ರೆಗಳ ಕಾಯ್ದೆ ದರಪಟ್ಟಿ ತೂಗುಹಾಕಿ ಎನ್ನುತ್ತದೆ. ಭಯದ ದರ ಆ ಪಟ್ಟಿಯಲ್ಲಿ ಬರುವುದಿಲ್ಲ.

ಹಾಗಾದರೆ ಸರಕಾರಿಯೇ ಸರಿ ಎನ್ನೋಣವೇ? ಅಲ್ಲಿ ಭಯ ಮಾರುವವರಿಲ್ಲ, ನಿಜ. ಅಲ್ಲಿರುವುದು ತಾರೀಕು. ಮಗುವಿನ ಹೃದಯ, ಬೆನ್ನುಹುರಿ, ಮೂತ್ರಪಿಂಡ ಸರಿಯಿವೆಯೇ ಎಂದು ನೋಡುವ ಅನಾಮಲಿ ಸ್ಕ್ಯಾನನ್ನು 18ರಿಂದ 20ನೇ ವಾರದೊಳಗೆ ಮಾಡಿಸುವುದು ಒಳ್ಳೆಯದು. 24ನೇ ವಾರದೊಳಗೆ ಒಂದು ಸ್ಕ್ಯಾನಾದರೂ ಆಗಲೇಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿತು. 2021ರ ತಿದ್ದುಪಡಿಯಾದ ಗರ್ಭಪಾತ ಕಾಯ್ದೆಯೂ ವಾರ ಎಣಿಸುತ್ತದೆ: 20ರವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ಕೆಲವು ವರ್ಗದ ಮಹಿಳೆಯರಿಗೆ 24ರವರೆಗೆ ಇಬ್ಬರದು, ಅದರಾಚೆ ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿಯ ಮುಂದೆ. ಇಷ್ಟು ಗಡಿಯಾರಗಳ ನಡುವೆ ತಾಲ್ಲೂಕು ಮಟ್ಟದಲ್ಲಿ ಕೇಳಿಬರುವ ಮಾತು: 'ರೇಡಿಯಾಲಜಿಸ್ಟ್ ರಜೆ, ಮುಂದಿನ ತಿಂಗಳು ಬನ್ನಿ.' ಹೊಟ್ಟೆಯೊಳಗಿರುವುದಕ್ಕೆ ರಜೆ ಮಂಜೂರಾಗುವುದಿಲ್ಲ. ಇಲ್ಲದಿದ್ದರೆ 'ಹೊರಗೆ ಮಾಡಿಸ್ಕೊಂಡು ಬನ್ನಿ' ಎಂಬ ಚೀಟಿ. ಗರ್ಭಿಣಿಗೆ ಸ್ಕ್ಯಾನಿಂಗ್ ಸೇರಿ ಪರೀಕ್ಷೆಗಳೆಲ್ಲ ಉಚಿತ ಎಂದು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲೇ ಮಾತು ಕೊಟ್ಟಿದೆ. ಮಾತು ಕೊಟ್ಟವರು ದೆಹಲಿಯಲ್ಲಿದ್ದಾರೆ, ಚೀಟಿ ಕೊಟ್ಟವರು ಇಲ್ಲಿದ್ದಾರೆ.

ಇನ್ನು ಬೆಳಿಗ್ಗೆ ಸರಕಾರಿ ಆಸ್ಪತ್ರೆಯಲ್ಲಿ ನಿಂತೇ ನೋಡಿ ಕಳಿಸಿದ ಡಾಕ್ಟರೇ ಸಂಜೆ ಸ್ವಂತ ಕ್ಲಿನಿಕ್ಕಿನಲ್ಲಿ ಕೂರಿಸಿ ಮಾತಾಡಿಸುವುದೂ ರಾಜ್ಯದಲ್ಲಿ ಹೊಸದಲ್ಲ. ವಿದ್ಯೆ ಅದೇ, ಸ್ಟೆತಾಸ್ಕೋಪ್ ಅದೇ. ನಾವು ಕೊಡುವ ದುಡ್ಡು ಕುರ್ಚಿಗೆ.

ಇಷ್ಟೆಲ್ಲ ಆಗಿ ಸ್ಕ್ಯಾನಿಂಗ್ ಕೋಣೆಯಿಂದ ಹೊರಬಂದವಳಿಗೆ ಮನೆಯವರು ಕೇಳುವುದಾದರೂ ಏನು? ಮಗುವಿನ ಹೃದಯದ ಬಗ್ಗೆ ಅಲ್ಲ. 'ಡಾಕ್ಟ್ರು ನಕ್ಕರಾ, ಸುಮ್ಮನಿದ್ದರಾ?' ಲಿಂಗ ಪತ್ತೆ ಅಪರಾಧ ಎಂದು 1994ರ ಕಾಯ್ದೆಯ ಬೋರ್ಡು ಗೋಡೆಯ ಮೇಲಿದೆ. ಆದ್ದರಿಂದ ಡಾಕ್ಟರ ಮುಖವನ್ನೇ ಸ್ಕ್ಯಾನ್ ಮಾಡುತ್ತಾರೆ. 2023ರ ಕೊನೆಯಲ್ಲಿ ಪೊಲೀಸರು ಬಯಲಿಗೆಳೆದ ಹೆಣ್ಣು ಭ್ರೂಣಹತ್ಯೆ ಜಾಲದ ಸ್ಕ್ಯಾನಿಂಗ್ ಮೆಷಿನ್ ಮಂಡ್ಯದ ಆಲೆಮನೆಯಲ್ಲಿತ್ತು. ಕಾನೂನುಬದ್ಧ ಮೆಷಿನ್ ನಡೆಸಲು ತಾಲ್ಲೂಕಿನಲ್ಲಿ ಜನ ಸಿಗುವುದಿಲ್ಲ, ಕಳ್ಳ ಮೆಷಿನ್ನಿಗೆ ಬೆಲ್ಲ ಕಾಯಿಸುವ ಜಾಗದಲ್ಲೂ ಸಿಕ್ಕಿದರು. ಬೇಡಿಕೆ ಎಲ್ಲಿದೆಯೋ ಅಲ್ಲಿ ರಜೆಯಿಲ್ಲ.

ಎಲ್ಲಿ ಪರೀಕ್ಷೆ ಮಾಡಿಸಬೇಕೆಂದು ಮನೆಯಲ್ಲಿ ಎಲ್ಲರಿಗೂ ಓಟಿದೆ: ಅತ್ತೆಗೆ, ಭಾವನಿಗೆ, ಪಕ್ಕದ ಮನೆಯ ನರ್ಸಮ್ಮನಿಗೆ. ಹೊತ್ತವಳ ಹೆಸರು ಮಾತ್ರ ಮತದಾರರ ಪಟ್ಟಿಯಲ್ಲಿಲ್ಲ. ಫಲಿತಾಂಶ ಏನೇ ಬಂದರೂ ಆ ಮಗುವನ್ನು ಸಾಕಬೇಕಾದವಳು ಅವಳು, ಬೇಡವೆಂದರೆ ನೋಯಬೇಕಾದವಳೂ ಅವಳೇ. ಅವಳು ಎರಡೂ ಕಡೆ ಒಂದೇ ಪ್ರಶ್ನೆ ಕೇಳಲಿ: 'ರಿಪೋರ್ಟಿನಲ್ಲಿ ತೊಂದರೆ ಅಂತ ಬಂದರೆ ಮುಂದೇನು, ಯಾವ ವಾರದೊಳಗೆ, ಯಾರು ಕೂತು ನನಗೆ ಹೇಳ್ತಾರೆ?' ಉತ್ತರ ಕೊಟ್ಟವರ ಹತ್ತಿರ ಹೋಗಲಿ, ಅದು ಮೆಗ್ಗಾನ್ ಆದರೂ ಸರಿ, ದುರ್ಗಿಗುಡಿ ಆದರೂ ಸರಿ. ಎರಡೂ ಕಡೆ 'ಮೊದಲು ಮಾಡಿಸಿ, ಆಮೇಲೆ ನೋಡೋಣ' ಎಂದರೆ, ಒಂದು ಕಡೆ ಬಿಲ್ಲಿಗಾಗಿ, ಇನ್ನೊಂದು ಕಡೆ ರಿಜಿಸ್ಟರಿಗಾಗಿ ಪರೀಕ್ಷೆ ನಡೆಯುತ್ತಿದೆ ಎಂದು ತಿಳಿಯಬಹುದು.