ಅವರು ನಿಮಗೆ ಏನಾಗ್ಬೇಕು?

ಮಾನ್ಯ ಕೇಂದ್ರ ಹಣಕಾಸು ಸಚಿವರಿಗೆ, ಬಿಂಡಿಗನವಿಲೆಯ ಒಬ್ಬ ತೆಂಗಿನ ತೋಟದವನ ನಮಸ್ಕಾರಗಳು.

ನೀವು ರಾಜ್ಯಸಭೆಗೆ ಹೋಗಿರುವುದು ನಮ್ಮ ಕರ್ನಾಟಕದಿಂದ. ಆ ಸಲುಗೆಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಬೆಳಗಿನ ಬಸ್ಸಿಗೆ ನಾಗಮಂಗಲ, ಅಲ್ಲಿಂದ ಮಂಡ್ಯಕ್ಕೆ ಹೋಗಿ ಒಂದು ಷೇರು ಕಚೇರಿಯಲ್ಲಿ ಕೂತೆ. ಸರ್ವರ್ ಮಲಗಿತ್ತು. ಅದು ಎದ್ದಾಗ ಹುಡುಗ ಊಟಕ್ಕೆ ಹೋಗಿದ್ದ. ಹುಡುಗ ಬಂದಾಗ ಸರ್ವರ್ ಮತ್ತೆ ಮಲಗಿತ್ತು. ಕೊನೆಗೆ ಎರಡೂ ಒಟ್ಟಿಗೆ ಎಚ್ಚರವಿದ್ದ ಗಳಿಗೆಯಲ್ಲಿ ನನ್ನ ಚೀಟಿ ಅವನ ಕೈಗೆ ಹೋಯಿತು. ನನ್ನ ಡಿಮ್ಯಾಟ್ ಖಾತೆಯಲ್ಲಿರುವ ಇನ್ಫೊಸಿಸ್ ಷೇರುಗಳನ್ನು ನ್ಯೂಜೆರ್ಸಿಯಲ್ಲಿರುವ ಗೆಳೆಯನಿಗೆ ವರ್ಗ ಮಾಡುವ ಚೀಟಿ. ಕಾರಣದ ಕಾಲಂನಲ್ಲಿ 'ಉಡುಗೊರೆ' ಎಂದು ಗುರುತು ಹಾಕಿದ್ದೆ.

"ಅವರು ನಿಮಗೆ ಏನಾಗ್ಬೇಕು ಸರ್?"

"ಏನೂ ಆಗ್ಬೇಕಾಗಿಲ್ಲಪ್ಪ, ಗೆಳೆಯ."

ಹುಡುಗ ಪೆನ್ನಿನ ಕ್ಯಾಪು ಹಾಕಿದ. "ಹಂಗಾದ್ರೆ ಆಗಲ್ಲ ಸರ್."

ಸ್ವಲ್ಪ ಹಿನ್ನೆಲೆ ಹೇಳಬೇಕು. ಬೋರ್‌ವೆಲ್ ಬತ್ತಿ ತೋಟದ ಸುಳಿಯೆಲ್ಲ ಬಾಗಿದ ವರ್ಷ, ಕೇಳದೆಯೇ ದುಡ್ಡು ಕಳಿಸಿದವನು ಅವನು. ವಾಪಸು ಕೊಡಲು ಹೋದರೆ "ಸುಮ್ನಿರೋ, ಅದೇನು ಸಾಲವೇ?" ಅಂದ. ಮುಂದೆ ಕೊಬ್ಬರಿಗೆ ಒಳ್ಳೇ ರೇಟು ಬಂದಾಗ ಅವನ ಹೆಸರು ಹೇಳಿಕೊಂಡು ಈ ಷೇರು ತೆಗೆದಿಟ್ಟೆ. ಈಗ ಎರಡು ಲಕ್ಷದ ಮೇಲೆ ಬೆಲೆ ಬಾಳುತ್ತದೆ. ಕೊಡೋಣ ಅಂದರೆ, ಏನಾಗ್ಬೇಕು?

ನನ್ನ ಭಯ ಇದ್ದದ್ದು ತೆರಿಗೆಯ ಬಗ್ಗೆ. ವಿಚಾರಿಸಿಕೊಂಡೇ ಹೋಗಿದ್ದೆ. 1958ರ ಉಡುಗೊರೆ ತೆರಿಗೆ 1998ರಲ್ಲಿ ಸತ್ತಿತಂತೆ. ಸತ್ತದ್ದು ಕೊಡುವವನ ಪಾಲಿಗೆ ಮಾತ್ರ. 2004ರಲ್ಲಿ ಅದೇ ದೆವ್ವ ಪಡೆಯುವವನ ಮೈಮೇಲೆ ಬಂತು. ಈಗ ಸಂಬಂಧಿಯಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿದ ಉಡುಗೊರೆ ಬಂದರೆ, ದಾಟಿದ ಭಾಗಕ್ಕಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ. ಪಡೆಯುವವನು ಅಮೆರಿಕದಲ್ಲಿದ್ದರೂ ಬಿಡುವುದಿಲ್ಲ, ಏಕೆಂದರೆ ಭಾರತದ ಕಂಪನಿಯ ಷೇರು ಭಾರತದಲ್ಲೇ ಇರುವ ಆಸ್ತಿ. ಆಗಲಿ, ಅವನ ಪಾಲಿನ ತೆರಿಗೆಗೂ ನಾನೇ ದಾರಿ ಮಾಡಿಕೊಡುತ್ತೇನೆ ಎಂದುಕೊಂಡಿದ್ದೆ. ಆ ಧಾರಾಳತನಕ್ಕೂ ಅವಕಾಶವಿಲ್ಲ ತಾಯಿ. ವಿದೇಶದಲ್ಲಿರುವವನಿಗೆ ಷೇರು ಉಡುಗೊರೆ ಕೊಡಲು ಮೊದಲು ರಿಸರ್ವ್ ಬ್ಯಾಂಕ್ ಒಪ್ಪಬೇಕು. ಕಂಪನಿಯ ಬಂಡವಾಳದ ಶೇಕಡಾ 5 ಮೀರಬಾರದು (ಇನ್ಫೊಸಿಸ್ಸಿನ ಶೇಕಡಾ 5 ನನ್ನ ಹತ್ತಿರ ಇದ್ದಿದ್ದರೆ ಬೆಳಗಿನ ಬಸ್ಸಿಗೆ ಯಾಕೆ ಓಡುತ್ತಿದ್ದೆ?), ವರ್ಷಕ್ಕೆ 50,000 ಡಾಲರ್ ಮೀರಬಾರದು, ಮತ್ತು ಇಬ್ಬರೂ ಸಂಬಂಧಿಗಳಾಗಿರಬೇಕು.

ಏನಾಗ್ಬೇಕು?

ದೇಶದೊಳಗಾದರೆ ಯಾರಿಗಾದರೂ ಕೊಡಬಹುದು. 2022ರಲ್ಲಿ ಐಡಿಎಫ್‌ಸಿ ಫಸ್ಟ್ ಬ್ಯಾಂಕಿನ ಮುಖ್ಯಸ್ಥ ವೈದ್ಯನಾಥನ್ ತಮ್ಮ ಡ್ರೈವರ್, ಮನೆಗೆಲಸದವರು, ವ್ಯಾಯಾಮ ಹೇಳಿಕೊಡುವವರು, ಹೀಗೆ ಐದು ಜನರಿಗೆ 9 ಲಕ್ಷ ಷೇರು ಹಂಚಿದರು. 2024ರ ಮಾರ್ಚಿನಲ್ಲಿ ನಮ್ಮ ನಾರಾಯಣಮೂರ್ತಿಯವರು ನಾಲ್ಕು ತಿಂಗಳ ಮೊಮ್ಮಗನಿಗೆ 15 ಲಕ್ಷ ಇನ್ಫೊಸಿಸ್ ಷೇರು ಕೊಟ್ಟರು. 240 ಕೋಟಿಗೂ ಮೇಲೆ. ಉಡುಗೊರೆಗೆ ತೆರಿಗೆ ಸೊನ್ನೆ. ಅಜ್ಜ ಕೊಡಲಿ, ಕೂಸು ನೂರು ಕಾಲ ಬಾಳಲಿ. ಅದೇ ಕಂಪನಿಯ ನನ್ನ ಎರಡು ಲಕ್ಷಕ್ಕೆ ಮಾತ್ರ ದೇಶದ ವಿದೇಶಿ ವಿನಿಮಯ ನಡುಗುತ್ತದೆ.

ಇನ್ನೊಂದು ತಮಾಷೆ. ಇದೇ ಷೇರು ಮಾರಿ ದುಡ್ಡು ಕಳಿಸುತ್ತೇನೆಂದರೆ, ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಅದೇ ಗೆಳೆಯನಿಗೆ ಕಳಿಸಬಹುದು! ಎರಡು ಲಕ್ಷದ ಷೇರು ಕೊಟ್ಟರೆ ಅಪಾಯ, ಎರಡು ಕೋಟಿ ನಗದು ಕೊಟ್ಟರೆ ಕ್ಷೇಮ. 2019ರ ಜುಲೈ 5ರಿಂದ ಅದಕ್ಕೂ ಪಡೆದವನಿಗೆ ಇಲ್ಲಿ ತೆರಿಗೆ ಎಂದಾಗಿದೆ, ಆ ಮಾತು ಬೇರೆ. ಅವನೋ, ದುಡ್ಡು ಮುಟ್ಟುವುದಿಲ್ಲ ಎಂದು ಆಗಲೇ ಹೇಳಿದ್ದಾನೆ.

ನಮ್ಮೂರ ಗರುಡನನ್ನು ನೀವು ಕೇಳಿರಬಹುದು, ಹೆಸರಾದ ದೇವರು. ಅವನ ಬೆನ್ನಿಗೆ ಕಟ್ಟಿ ಕಳಿಸಿಬಿಡೋಣವೆಂದು ಹುಡುಗನಿಗೆ ಅಂದೆ. ಅವನು ನಗಲಿಲ್ಲ. ಆಮೇಲೆ ಬಸ್ಸಿನಲ್ಲಿ ಹೊಳೆಯಿತು: ಗರುಡ ದೇವಲೋಕದಿಂದ ಗಡಿ ದಾಟಿಸಿ ಅಮೃತ ತಂದದ್ದು ತಾಯಿಯ ದಾಸ್ಯ ಬಿಡಿಸಲು. ತಾಯಿ! ಸಂಬಂಧಿಗಳ ಪಟ್ಟಿಯಲ್ಲಿದ್ದಾಳೆ. ಗೆಳೆಯನಿಗೆಂದು ತಂದಿದ್ದರೆ ಇಂದ್ರ ಬೇಡ, ರಿಸರ್ವ್ ಬ್ಯಾಂಕೇ ರೆಕ್ಕೆ ಕತ್ತರಿಸುತ್ತಿತ್ತು.

ಆ ಪಟ್ಟಿಯನ್ನು ರಾತ್ರಿ ಕೂತು ಓದಿಸಿಕೊಂಡೆ. ಆದಾಯ ತೆರಿಗೆಯವರ ಪ್ರಕಾರ ಸೋದರಮಾವ ಅಳಿಯನಿಗೆ ಕೊಟ್ಟರೆ ತೆರಿಗೆಯಿಲ್ಲ. ಅಳಿಯ ಸೋದರಮಾವನಿಗೆ ಕೊಟ್ಟರೆ ತೆರಿಗೆ. ಚಿಕ್ಕಪ್ಪನ ಮಗ ಸಂಬಂಧಿಯೇ ಅಲ್ಲ. ಗೆಳೆಯನಿಗೊಬ್ಬಳು ತಂಗಿಯಿದ್ದಾಳೆ. ಅವಳನ್ನು ನಾನು ಮದುವೆಯಾಗಿದ್ದರೆ ಅವನಿಗೆ ತೆರಿಗೆ ತಪ್ಪುತ್ತಿತ್ತು. ಆದರೆ ರಿಸರ್ವ್ ಬ್ಯಾಂಕಿನವರು ನೋಡುವುದು ಕಂಪನಿ ಕಾಯ್ದೆಯ ಬೇರೆ ಪಟ್ಟಿ, ಅದರಲ್ಲಿ ತಂಗಿಯ ಗಂಡನೂ ಇಲ್ಲ. ಹಾಗಾಗಿ ಮದುವೆಯಾಗಿಯೂ ದಂಡ. ಈ ಪತ್ರವನ್ನು ನಮ್ಮನೆಯವಳು ಓದುತ್ತಾಳೆ, ಆ ವಿಷಯ ಅಲ್ಲಿಗೇ ಬಿಡೋಣ.

ಆದರೆ ಅಣ್ಣ? ಎರಡೂ ಪಟ್ಟಿಯಲ್ಲಿದ್ದಾನೆ! ಗೇಣಗಲದ ಬದುವಿಗೆ ನನ್ನ ಮೇಲೆ ಕೇಸು ಹಾಕಿ, ತೋಟ ಒಣಗುವಾಗ ತನ್ನ ಮೋಟರಿಗೆ ಬೀಗ ಹಾಕಿದ ಅಣ್ಣ. ಅವನು ನಾಳೆ ಅಮೆರಿಕಕ್ಕೆ ಹೋದರೆ ನಾನು ಷೇರು ಕೊಡಲು ಅರ್ಜಿ ಹಾಕಬಹುದು, ಒಂದು ಪೈಸೆ ತೆರಿಗೆಯಿಲ್ಲ. ನೀರಿಗೆ ದುಡ್ಡು ಕೊಟ್ಟವನು ಏನೂ ಆಗಬೇಕಾಗಿಲ್ಲ, ನೀರು ನಿಲ್ಲಿಸಿದವನು ಆಗಬೇಕು. ಯಾರು ಸ್ವಾಮಿ ಇದನ್ನು ಬರೆದವರು? ಅವರಿಗೆ ಅಣ್ಣತಮ್ಮಂದಿರಿರಲಿಲ್ಲವೇ? 2025ರಲ್ಲಿ ಇಡೀ ಆದಾಯ ತೆರಿಗೆ ಕಾಯ್ದೆಯನ್ನು ಹೊಸದಾಗಿ ಬರೆದು 536 ಕಲಂಗೆ ಇಳಿಸಿದಿರಿ. ಅಷ್ಟೆಲ್ಲ ಅಳಿಸಿದಾಗ ಉಳಿದ ಜಾಗದಲ್ಲಿ ಗೆಳೆಯನಿಗೆ ಒಂದು ಸಾಲು ಹಿಡಿಸಲಿಲ್ಲವೇ?

ಉಯಿಲು ಬರೆದಿಟ್ಟರೆ ತೆರಿಗೆ ಇರುವುದಿಲ್ಲವೆಂದು ಹುಡುಗ ಸಮಾಧಾನ ಹೇಳಿದ. ಅಂದರೆ ನಾನು ಸಾಯಬೇಕು. ಸದ್ಯಕ್ಕೆ ಆ ಯೋಚನೆಯಿಲ್ಲ, ತೋಟದಲ್ಲಿ ಕಾಯಿ ಕೀಳಿಸುವುದಿದೆ.

ಆದ್ದರಿಂದ ಕೋರಿಕೆ: ಪಟ್ಟಿಗೆ ಗೆಳೆಯನನ್ನು ಸೇರಿಸಿ. ಅದಕ್ಕೆ ಸಂಸತ್ತು, ಸಮಿತಿ, ಗೆಜೆಟ್ಟು ಎಂದೆಲ್ಲ ತಡವಾಗುವುದಾದರೆ, ನನ್ನ ಅಣ್ಣನನ್ನಾದರೂ ಪಟ್ಟಿಯಿಂದ ತೆಗೆಯಿರಿ. ಬದುವಿನ ಕೇಸು ಮುಂದಿನ ತಿಂಗಳು ನಾಗಮಂಗಲ ಕೋರ್ಟಿಗೆ ಬರುತ್ತದೆ. ಆದೇಶದ ಒಂದು ಪ್ರತಿಯನ್ನು ಅಷ್ಟರೊಳಗೆ ನನ್ನ ವಕೀಲರಿಗೂ ಕಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಇಂತಿ,
ಯಾರಿಗೂ ಏನೂ ಆಗಬೇಕಾಗಿಲ್ಲದ ಒಬ್ಬ ಗೆಳೆಯ,
ಬಿಂಡಿಗನವಿಲೆ