ಗಲ್ಲಾಪೆಟ್ಟಿಗೆ ಕೂತಿದೆ, ಹುಡುಗಿ ನಿಂತಿದ್ದಾಳೆ

ಸೊಲ್ಲಾಪುರದ ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಗಂಡ ಬೆಳಗಾದರೆ ಪುಣೆ ರಸ್ತೆ ಹಿಡಿದು ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗೆ ಹೋಗುತ್ತಾನೆ. ಹೆಂಡತಿ ಊರೊಳಗಿನ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ಲು ಹಾಕುತ್ತಾಳೆ. ಇಬ್ಬರದೂ ನಿಂತು ಮಾಡುವ ಕೆಲಸವೇ. ಆದರೆ ಕಾನೂನಿನ ಕಣ್ಣಿಗೆ ಬಹುಕಾಲ ಗಂಡನಿಗೆ ಮಾತ್ರ ಕಾಲುಗಳಿದ್ದವು. ನಿಂತು ದುಡಿಯುವ ಕಾರ್ಮಿಕರಿಗೆ ನಡುವೆ ಬಿಡುವು ಸಿಕ್ಕಾಗ ಕೂರಲು ತಕ್ಕ ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೆಯ ಕಲಂ ಹೇಳಿತು. ಅದನ್ನು ಯಾರು ಎಷ್ಟು ಪಾಲಿಸಿದರು ಎಂಬುದು ಬೇರೆ ಮಾತು; ಜಗಳ ತೆಗೆಯಲಿಕ್ಕೆ ಒಂದು ಕಲಮಾದರೂ ಇತ್ತು. ಹೆಂಡತಿ ದುಡಿಯುವ ಕಡೆ ಹೊಗೆಯಿಲ್ಲ, ಭೋಂಗಾ ಇಲ್ಲ, ತಲೆಯ ಮೇಲೆ ಏಸಿ ಬೇರೆ. ಬೆವರು ಕಾಣದ ಕೆಲಸವನ್ನು ಕೆಲಸ ಅನ್ನುವುದು ಹೇಗೆ?

ನಮ್ಮ ಪೇಟೆಗಳಲ್ಲಿ ಹಿಂದೆ ರೊಕ್ಕ ಎಣಿಸುವವರು ನಿಂತದ್ದನ್ನು ಕಂಡವರಿಲ್ಲ. ಬಿಳಿ ಗಾದಿ, ಬೆನ್ನಿಗೆ ಲೋಡು, ಮುಂದೆ ಗಲ್ಲಾಪೆಟ್ಟಿಗೆ, ಕಾಲು ಮಡಚಿ ಕೂತ ಸಾವಕಾರ. ಗಿರಾಕಿ ಬಂದರೆ ಆತ ಏಳುತ್ತಿರಲಿಲ್ಲ. ಗಿರಾಕಿಗೇ “ಬರ್ರಿ, ಕೂಡ್ರಿ” ಅನ್ನುತ್ತಿದ್ದ. ಇದರಿಂದ ಯಾರ ಮಾನವೂ ಹೋಗಲಿಲ್ಲ, ಯಾವ ಅಂಗಡಿಯೂ ಮುಳುಗಲಿಲ್ಲ. ಈಗ ಅದೇ ಗಲ್ಲಾ ಮೇಜಿನ ಮೇಲೆ ಆರಾಮಾಗಿ ಕೂತಿದೆ. ಪಕ್ಕದಲ್ಲಿ ಕಂಪ್ಯೂಟರ್ ಕೂತಿದೆ, ಪ್ರಿಂಟರ್ ಕೂತಿದೆ, ಚಾಕಲೇಟು ಡಬ್ಬಿ ಕೂತಿದೆ. ಬಾಗಿಲ ಕಾಯುವವನಿಗೂ ಒಂದು ಪ್ಲಾಸ್ಟಿಕ್ ಕುರ್ಚಿ ದಕ್ಕಿದೆ. ನಿಂತಿರುವುದು ಬಿಲ್ಲು ಹಾಕುವ ಹುಡುಗಿಯೊಬ್ಬಳೇ. ರೊಕ್ಕ ಸ್ವಂತದ್ದಾದರೆ ಕೂತು ಎಣಿಸಬೇಕು, ಪರರದ್ದಾದರೆ ನಿಂತು ಎಣಿಸಬೇಕು: ಹೊಸ ವ್ಯಾಪಾರಶಾಸ್ತ್ರದ ಮೊದಲ ಪಾಠ ಇದು.

ಕುರ್ಚಿ ಯಾಕಿಲ್ಲ ಎಂದು ಕೇಳಿದರೆ ಮ್ಯಾನೇಜರ್ ಸಾಹೇಬರಲ್ಲಿ ಉತ್ತರಗಳಿಗೆ ಬರವಿಲ್ಲ. ಒಂದು, ಜಾಗವಿಲ್ಲ. ಬ್ಯಾಟರಿ, ಬ್ಲೇಡು, ಶುಂಠಿ ಪೆಪ್ಪರಮಿಂಟುಗಳಿಗೆ ಆಳೆತ್ತರದ ರ‍್ಯಾಕಿಗೆ ಜಾಗವಿದೆ, ಒಂದು ಸ್ಟೂಲಿಗೆ ಮಾತ್ರ ಭೂಮಿ ಸಾಲದು. ಎರಡು, ಕೂತರೆ ಹುಡುಗಿಯರು ಸೋಮಾರಿಗಳಾಗುತ್ತಾರೆ. ಈ ಮಾತನ್ನು ಸಾಹೇಬರು ತಿರುಗುವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹೇಳುತ್ತಾರೆ. ಸ್ವಾನುಭವದ ಮಾತಾದ್ದರಿಂದ ಅಲ್ಲಗಳೆಯುವುದು ಕಷ್ಟ. ಮೂರು, ನಿಲ್ಲುವುದು ಒಳ್ಳೆಯ ವ್ಯಾಯಾಮ. ಇದನ್ನು ಮಾತ್ರ ಹುಡುಗಿಯರ ಮೀನಖಂಡ ಒಪ್ಪುವುದಿಲ್ಲ. ನಡೆಯುವಾಗ ಆ ಸ್ನಾಯು ಕಾಲಿನ ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತದೆ. ಒಂದೇ ಕಡೆ ಗಟ್ಟಿಯಾಗಿ ನಿಂತರೆ ಅದಕ್ಕೆ ಕೆಲಸವಿಲ್ಲ, ರಕ್ತ ಕೆಳಗೇ ಉಳಿಯುತ್ತದೆ. ಪಾದ ಊದುತ್ತದೆ, ವರ್ಷಗಳು ಕಳೆದಂತೆ ನರಗಳು ಉಬ್ಬುತ್ತವೆ, ಸೊಂಟ ಹಿಡಿಯುತ್ತದೆ. ವ್ಯಾಯಾಮ ಅಷ್ಟು ಒಳ್ಳೆಯದಾದರೆ ಸಾಹೇಬರು ಒಂದು ದಿನ ಕೌಂಟರಿಗೆ ಬಂದು ಮಾಡಲಿ, ಬೇಡ ಅಂದವರಾರು?

ಇನ್ನು ನೀರಿನ ವಿಚಾರ. ಸೊಲ್ಲಾಪುರದ ಬೇಸಗೆ ಎಂಥದೆಂದು ಆ ಸೀಮೆಯವರಿಗೆ ಹೇಳಬೇಕಿಲ್ಲ. ಆದರೂ ಕೌಂಟರಿನವಳು ಬಾಟಲಿ ಮುಟ್ಟಲು ಹಿಂದೆಮುಂದೆ ನೋಡುತ್ತಾಳೆ. ಕುಡಿದರೆ ಕೌಂಟರ್ ಬಿಟ್ಟು ಹೋಗಬೇಕು, ಹೋಗಲು ಅಪ್ಪಣೆ ಕೇಳಬೇಕು, ಅಷ್ಟರಲ್ಲಿ ಸಾಲಿನಲ್ಲಿರುವ ಕಾಕಾ ಗೊಣಗುತ್ತಾರೆ. ಗಂಟಲು ಒಣಗಿದರೂ “ಚಿಲ್ಲರ ಅದಾವೇನ್ರೀ? ಪಿಶವಿ ಬೇಕೇನ್ರೀ?” ಎಂದು ನಗುತ್ತ ಕೇಳಬೇಕು. ನಗುವಿಗೆ ಬೇರೆ ಪಗಾರವಿಲ್ಲ. ಆದರೆ ಸಂಜೆ ಲೆಕ್ಕದಲ್ಲಿ ನೂರು ರೂಪಾಯಿ ಕಮ್ಮಿ ಬಿದ್ದರೆ ಅದು ಅವಳ ಪಗಾರದ ಮೇಲೆಯೇ ಬೀಳುವುದುಂಟು.

ಗೋಡೆಯ ಮೇಲೆ ಅಕ್ಕಲಕೋಟೆ ಸ್ವಾಮಿ ಸಮರ್ಥರ ಫೋಟೋ ಇರುತ್ತದೆ. ಅಂಜಬೇಡ, ನಿನ್ನ ಬೆನ್ನ ಹಿಂದೆ ನಾನಿದ್ದೇನೆ ಎಂಬುದು ಅವರ ಅಭಯ. ಮಾಲೀಕರು ಪರಮಭಕ್ತರು. ಬೆನ್ನ ಹಿಂದೆ ಸ್ವಾಮಿಗಳೇ ಇರುವಾಗ ಒರಗಲು ಬೇರೆ ಏನು ಬೇಕೆಂದು ಅವರು ನಿಶ್ಚಿಂತರಾಗಿದ್ದಾರೆ. ಫೋಟೋದಲ್ಲಿ ಸ್ವಾಮಿಗಳು ಕೂತೇ ಇದ್ದಾರೆ ಎಂಬುದನ್ನು ಅವರು ಗಮನಿಸಿದಂತಿಲ್ಲ.

ಕೇಳಿದ್ದು ಸಿಂಹಾಸನವಲ್ಲ. ನಮ್ಮನ್ನು ಆಳಿದ ಇಂಗ್ಲೆಂಡು 1899ರಲ್ಲೇ, ಅಂಗಡಿಯಲ್ಲಿ ದುಡಿಯುವ ಪ್ರತಿ ಮೂವರು ಹೆಣ್ಣುಮಕ್ಕಳಿಗೆ ಒಂದು ಆಸನ ಇಡಬೇಕೆಂದು ಕಾಯಿದೆ ಮಾಡಿತು. ಇವತ್ತು ಜರ್ಮನಿಯ ಆಲ್ಡಿ ಅಂಗಡಿಗಳಲ್ಲಿ ಕ್ಯಾಷಿಯರುಗಳು ಕೂತೇ ಬಿಲ್ಲು ಹಾಕುತ್ತಾರೆ, ಆ ಕಂಪನಿಯೇನೂ ದಿವಾಳಿಯಾಗಿಲ್ಲ. ಕೋಳಿಕ್ಕೋಡಿನ ಮಿಠಾಯಿ ಬೀದಿಯ ಸುತ್ತಮುತ್ತ ಹೆಣ್ಣುಮಕ್ಕಳನ್ನು ಕೂಡಿಸಿ ವಿಜಿ ಪೆಣ್‌ಕೂಟ್ಟು ಎಂಬ ಹೆಣ್ಣುಮಗಳು ಕೂರುವ ಹಕ್ಕಿಗಾಗಿ ಹೋರಾಡಿದರು; ಕೇರಳ 2018ರಲ್ಲಿ ಅಂಗಡಿ ಕಾಯಿದೆಯನ್ನು ತಿದ್ದಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಮಹಾರಾಷ್ಟ್ರವೂ ಸುಮ್ಮನೆ ಕೂತಿರಲಿಲ್ಲ. 2017ರ ಕಾಯಿದೆಯಲ್ಲಿ ಅಂಗಡಿಗಳನ್ನು ವರ್ಷದ 365 ದಿನವೂ ತೆರೆದಿಡಲು ಅವಕಾಶ ಕೊಟ್ಟಿತು.

ಕೇಂದ್ರದ ಕಥೆ ಇನ್ನೂ ಸೊಗಸು. ನಿಂತು ಕೆಲಸ ಮಾಡಬೇಕಾದ ಎಲ್ಲರಿಗೂ ಕೂರುವ ವ್ಯವಸ್ಥೆ ಬೇಕೆಂದು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ 24ನೆಯ ಕಲಂ ಹೇಳುತ್ತದೆ. ಹತ್ತು ಮಂದಿ ದುಡಿಯುವ ಅಂಗಡಿಯೂ ಅದರೊಳಗೆ ಬರುತ್ತದೆ. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಕುರ್ಚಿ ಕೊಡಿಸಬೇಕಾದ ಕಾನೂನೇ ಐದು ವರ್ಷ ಕುರ್ಚಿ ಬಿಟ್ಟು ಏಳಲಿಲ್ಲ. ಈಗ ಎದ್ದಿದೆಯಾದರೂ ಅಂಗಡಿಯವರೆಗೆ ನಡೆದು ಬರಬೇಕಲ್ಲ? ಬಂದರೂ ನಡೆಯುವುದೇನೆಂದು ನಮಗೆ ಗೊತ್ತು. ತಪಾಸಣೆಗೆ ಬಂದ ಅಧಿಕಾರಿಗೆ ಮ್ಯಾನೇಜರ್ ತನ್ನ ಕುರ್ಚಿ ಬಿಟ್ಟುಕೊಟ್ಟು ತಂಪು ತರಿಸುತ್ತಾನೆ. ಅಂಗಡಿಯಲ್ಲಿ ಆಸನವಿದೆ, ಮೆತ್ತಗೂ ಇದೆ ಎಂದು ಅಧಿಕಾರಿ ಕೂತುಕೊಂಡೇ ವರದಿ ಬರೆಯುತ್ತಾನೆ.

ಮ್ಯಾನೇಜರ್ ಸಾಹೇಬರ ನಾಲ್ಕನೆಯ ಉತ್ತರವನ್ನು ನಾನಿನ್ನೂ ಹೇಳಿಲ್ಲ, ಯಾಕೆಂದರೆ ಅದು ನಮ್ಮ ಮೇಲಿನದು. “ಅವಳು ಕೂತರೆ ಗಿರಾಕಿಗಳಿಗೆ ಸೇರುವುದಿಲ್ಲ ನೋಡ್ರಿ,” ಅನ್ನುತ್ತಾರೆ. ಗಿರಾಕಿ ಅಂದರೆ ನೀವು ಮತ್ತು ನಾನು. ನಮ್ಮನ್ನು ಯಾರೂ ಕೇಳಿಲ್ಲ, ನಮ್ಮ ಹೆಸರಿನಲ್ಲಿ ಒಂದು ಕುರ್ಚಿ ಮಾತ್ರ ಕಾಣೆಯಾಗಿದೆ. ಮುಂದಿನ ಸಲ ಬಿಲ್ಲು ಮಾಡಿಸುವಾಗ ಮ್ಯಾನೇಜರನ್ನು ಕರೆದು, ನಾಲ್ಕು ಮಂದಿಗೆ ಕೇಳುವಂತೆ ಹೇಳಿಬಿಡಿ: “ಈ ಅಕ್ಕಾಗ ಒಂದು ಕುರ್ಚಿ ಹಾಕ್ರಿ. ನಮಗೇನೂ ಅಡ್ಡಿಯಿಲ್ಲ.”