ಬೀಗರ ಕ್ಷೇಮ ಸಮಾಚಾರ

ಮೆಲ್ಬರ್ನಿನ ಕ್ಯಾಥೊಲಿಕ್ ಪ್ರೈಮರಿ ಶಾಲೆಗಳಲ್ಲಿ ಸೀಟು ಹಂಚಲು ಒಂದು ಸರತಿಯಿದೆ. ಮೊದಲು ಆ ಚರ್ಚಿನ ವ್ಯಾಪ್ತಿಯ ಕ್ಯಾಥೊಲಿಕ್ ಮಕ್ಕಳು, ಆಮೇಲೆ ಬೇರೆ ಕ್ಯಾಥೊಲಿಕ್ಕರು, ಉಳಿದ ಕ್ರೈಸ್ತರು, ಕಟ್ಟಕಡೆಗೆ ನಮ್ಮಂಥವರು. ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನಿಗೆ ಇದು ಕಷ್ಟದ ವಿದ್ಯೆ. ಆದರೂ ಮಗಳಿಗೆ ಸೀಟು ಸಿಕ್ಕಿತು. ಹೆಂಡತಿ ಸೊರಬದವಳು, "ಕಾನ್ವೆಂಟ್ ಅಂದ್ರೆ ಶಿಸ್ತು ರೀ" ಎಂದಳು.

ಶಿಸ್ತನ್ನು ನಾನಿನ್ನೂ ನೋಡಿಲ್ಲ, ಕಾರ್ಯಕ್ರಮಗಳಿಗಂತೂ ಬರವಿಲ್ಲ. ಲೆಂಟ್ ಉಪವಾಸಕ್ಕೆ ಮುಂಚೆ ಪ್ಯಾನ್‌ಕೇಕ್. ಮಾರ್ಚ್ 21ರ ಹಾರ್ಮನಿ ಡೇಗೆ ಕಿತ್ತಳೆ ಬಣ್ಣದ ಬಟ್ಟೆ. ಒಂದು ದಿನ ಪೈಜಾಮ, ಇನ್ನೊಂದು ದಿನ ಜೋಡಿ ತಪ್ಪಿದ ಸಾಕ್ಸ್. ಎಲ್ಲದಕ್ಕೂ ಕಾಣಿಕೆ ಒಂದೋ ಎರಡೋ ಡಾಲರಿನ ನಾಣ್ಯ. ಎಲ್ಲವೂ ಕುಟುಂಬಗಳ ಕ್ಷೇಮಕ್ಕಾಗಿಯಂತೆ. ರಾತ್ರಿ ಹತ್ತು ಗಂಟೆಗೆ ಮಗಳು "ನಾಳೆ ಕಿತ್ತಳೆ ಟೀ ಶರ್ಟ್ ಬೇಕು" ಎಂದಾಗ ನಮ್ಮ ಮನೆಯ ಕ್ಷೇಮ ಹೇಗಿರುತ್ತದೆಂದು ಯಾವ ಟೀಚರೂ ಬಂದು ನೋಡಿಲ್ಲ. ಸಾಕ್ಸ್ ದಿನಕ್ಕೆ ಮಾತ್ರ ನಾವು ವರ್ಷವಿಡೀ ತಯಾರು.

ಜುಲೈ 26 ಮೇರಿಯ ತಂದೆತಾಯಿ ಜೋಕಿಮ್ ಮತ್ತು ಆನ್ ಅವರ ಹಬ್ಬ. ಅವರು ಏಸುವಿನ ಅಜ್ಜ-ಅಜ್ಜಿಯಾದ್ದರಿಂದ ಅದರ ಆಸುಪಾಸಿನಲ್ಲಿ ಶಾಲೆಯಲ್ಲಿ ಅಜ್ಜ-ಅಜ್ಜಿಯರ ದಿನ. ನಮ್ಮ ಮನೆಯಲ್ಲಿ ಆಗ ನನ್ನ ಅಪ್ಪನೂ ಹೆಂಡತಿಯ ಅಮ್ಮನೂ ಒಟ್ಟಿಗೇ ಬಂದಿಳಿದಿದ್ದರು. ಊರಿನಲ್ಲಿ ಬೀಗರ ನಡುವೆ ಶಿರಾಳಕೊಪ್ಪವಿದೆ. ಇಲ್ಲಿ ಇರುವುದು ಒಂದು ಬಚ್ಚಲುಮನೆ. ಸೊರಬ ನಾಡಿಗೆ ಬಂಗಾರಪ್ಪನವರನ್ನು ಕೊಟ್ಟಿತು, ಶಿಕಾರಿಪುರ ಯಡಿಯೂರಪ್ಪನವರನ್ನು. ಮುಖ್ಯಮಂತ್ರಿ ಕೊಟ್ಟ ತಾಲ್ಲೂಕಿನವರಿಗೆ ಮೈಕು ಕಂಡರೆ ಕೈ ಕಟ್ಟಿ ಕೂರಲಾಗುವುದಿಲ್ಲ.

ಆ ದಿನ ಶಾಲೆಯಲ್ಲಿ, ಚಿಕ್ಕಂದಿನಲ್ಲಿ ಏನು ಆಟ ಆಡ್ತಿದ್ರಿ ಎಂದು ಮಕ್ಕಳು ಕೇಳಿದರು. ಅಪ್ಪ ಎದ್ದು ನಿಂತು ಹೋರಿ ಹಬ್ಬ ಶುರು ಮಾಡಿದರು. ಇಂಗ್ಲಿಷಿಗೆ ತರುವ ಕೆಲಸ ನನ್ನದು. ದೀಪಾವಳಿ ಹೊತ್ತಿಗೆ ಹೋರಿಯ ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಸರ. ಅದು ಜನರ ನಡುವೆ ನುಗ್ಗುವಾಗ ಕೊಬ್ಬರಿ ಕಿತ್ತುಕೊಂಡವನೇ ಗಂಡು. ಮಕ್ಕಳ ಕಣ್ಣು ಬೆಳಗಿದವು. ಟೀಚರಿನ ಮುಖ ಬಿಳಿಚಿತು: "ಒಪ್ಪಿಗೆ ಪತ್ರಕ್ಕೆ ಸಹಿ ಯಾರು ಹಾಕ್ತಿದ್ರು?" "ಹೋರಿ ಹಾಕ್ತಿತ್ತು, ಬೆನ್ನ ಮೇಲೆ" ಎಂದರು ಅಪ್ಪ. ಅದನ್ನು ನಾನು ಇಂಗ್ಲಿಷಿಗೆ ತರಲಿಲ್ಲ.

ಅತ್ತೆ ಮೈಕನ್ನು ಮುಟ್ಟಲೇ ಇಲ್ಲ. ರಟ್ಟಿಗೆ ಕೆಮ್ಮಣ್ಣಿನ ಬಣ್ಣ ಬಳಿದು, ಭೂಮಿ ಹುಣ್ಣಿಮೆ ಬುಟ್ಟಿಗೆ ಬರೆಯುವ ಚಿತ್ತಾರವನ್ನು ಅಕ್ಕಿಹಿಟ್ಟಿನಲ್ಲಿ ಬರೆದರು. ಅದು ಹಾಗೇ ಶಾಲೆಯ ಗೋಡೆ ಏರಿತು. "ನಮ್ಮ ಕಡೆಗೂ ಬರೀತಾರೆ ಬಿಡ್ರಿ ಬೀಗ್ರೆ" ಎಂದು ಅಪ್ಪ ಮನೆ ಮುಟ್ಟುವವರೆಗೂ ಹೇಳುತ್ತಿದ್ದರು.

ಸೆಪ್ಟೆಂಬರಿನ ಎರಡನೆಯ ಗುರುವಾರ ಅಪ್ಪನಿಗೆ ಸೇಡು ತೀರಿಸಿಕೊಳ್ಳುವ ಅವಕಾಶ ಬಂತು. ಆಸ್ಟ್ರೇಲಿಯಾದಲ್ಲಿ 2009ರಿಂದ ನಡೆದು ಬಂದಿರುವ 'ಆರ್ ಯು ಓಕೆ ಡೇ' ಅದು. ಹತ್ತಿರದವರನ್ನು ಚೆನ್ನಾಗಿದ್ದೀರಾ ಎಂದು ಕೇಳಬೇಕು, ಅವರು ಹೇಳುವುದನ್ನು ಆಲಿಸಬೇಕು, ಏನಾದರೂ ಮಾಡುವಂತೆ ಹುರಿದುಂಬಿಸಬೇಕು, ಕೆಲವು ದಿನ ಬಿಟ್ಟು ಮತ್ತೆ ವಿಚಾರಿಸಬೇಕು. ಒಳ್ಳೆಯ ಉದ್ದೇಶವೇ, ನಗುವಂಥದ್ದಲ್ಲ. ಆದರೆ ಇದನ್ನು ರೂಪಿಸಿದವರಿಗೆ ಅಡಿಕೆ ಬೆಳೆಗಾರರ ಪರಿಚಯವಿರಲಿಕ್ಕಿಲ್ಲ.

ಮಗಳು ಸಂಜೆ ಬಂದು "ಅಜ್ಜ, ಚೆನ್ನಾಗಿದ್ದೀಯಾ?" ಎಂದಳು. ಅಪ್ಪ ಮಂಡಿ ನೋವಿನಿಂದ ಹಿಡಿದು ಸಕ್ಕರೆ ಕಾಯಿಲೆಗೆ ಬಂದು, ಕೊಳೆರೋಗಕ್ಕೆ ಬೋರ್ಡೋ ಹೊಡೆಸಲು ಆಳು ಸಿಗದ್ದು, ಅಡಿಕೆ ದರ, ಪಕ್ಕದ ತೋಟದವನು ಒಳಗೆ ಸರಿಸಿದ ಬೇಲಿ ಎಲ್ಲ ಮುಗಿಸುವಾಗ ಅನ್ನ ಆರಿತ್ತು. ಟೀಚರ್ ಹೇಳಿದಂತೆ ಮಗಳು ಕದಲದೆ ಕೇಳಿ, ಹುರಿದುಂಬಿಸುವ ಹಂತಕ್ಕೆ ಬಂದು, "ಬೇಲಿ ಕೇಸು ಹಾಕು ಅಜ್ಜ" ಎಂದಳು. ಅಪ್ಪ ಆ ರಾತ್ರಿಯೇ ಊರಿನ ವಕೀಲರಿಗೆ ಫೋನ್ ಮಾಡಿದರು.

ಮತ್ತೆ ವಿಚಾರಿಸುವ ಹಂತಕ್ಕೆ ಮನೆಯಲ್ಲಿ ಯಾರೂ ಮುಂದೆ ಬರಲಿಲ್ಲ. ಮೆಲ್ಬರ್ನಿನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವವರಿಗೆ ನನ್ನದೊಂದೇ ಮಾತು: ಫೀಸು ಎಷ್ಟಾದರೂ ಇರಲಿ, ಊರಿನ ಹಿರಿಯರಿಗೆ ವಾಪಸು ಟಿಕೆಟ್ಟನ್ನು ಆಗಸ್ಟ್ ಮುಗಿಯುವುದರೊಳಗೆ ಮಾಡಿಸಿಬಿಡಿ.